ಪೆಟ್ಟಿಗೆ ತುಂಬ ಸಾಮಾನು, ಕಾಲಿಗೊಂದು ಬೂಟಿಲ್ಲ

ಆನ್‌ಲೈನ್ ರೋಲ್ ಪ್ಲೇಯಿಂಗ್ ಗೇಮ್ ಆಡುವವರ ಪೆಟ್ಟಿಗೆಗೂ ನಮ್ಮ ಮನೆಗಳ ಅಟ್ಟಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. "ಇರಲಿ, ಯಾವತ್ತಾದರೂ ಬೇಕಾಗುತ್ತೆ" ಎಂದು ಎತ್ತಿಟ್ಟದ್ದೇ ಎರಡರಲ್ಲೂ. ಅಟ್ಟದಲ್ಲಿ ಮುಚ್ಚಳವಿಲ್ಲದ ಡಬ್ಬ, ಹಳೇ ಮಿಕ್ಸಿಯ ಜಾರ್. ಪೆಟ್ಟಿಗೆಯಲ್ಲಿ ಅದಿರು, ಚರ್ಮ, ಬಣ್ಣಬಣ್ಣದ ಗೋಲಿ, ಯಾವ ಪ್ರಾಣಿಯದೆಂದು ಮರೆತುಹೋದ ಮೂಳೆ. ಇನ್ನೂರು ಗಂಟೆ ಆಡಿ ಇಷ್ಟೆಲ್ಲ ಕೂಡಿಹಾಕಿದ್ದೀರಿ. ಆದರೆ ನಿಮ್ಮ ವೀರನ ಕಾಲಲ್ಲಿರುವುದು ಮೂರನೇ ದಿನ ಎಲ್ಲೋ ಬಿದ್ದು ಸಿಕ್ಕ ಅದೇ ಬೂಟು.

ಒಳ್ಳೆಯ ಬೂಟು ಮಾಡಿಕೊಳ್ಳೋಣವೆಂದು ಕ್ರಾಫ್ಟಿಂಗ್ ಕಿಟಕಿ ತೆರೆದರೆ ಎಲ್ಲಿ ಒತ್ತಬೇಕೋ ತಿಳಿಯದು. ಗೈಡ್ ವಿಡಿಯೋ ಹಾಕಿದರೆ ಆಸಾಮಿ ಮೊದಲ ನಿಮಿಷದಲ್ಲೇ ಇಪ್ಪತ್ತು ಹೆಸರು ಉದುರಿಸುತ್ತಾನೆ. ಗಾಬರಿ ಬೇಡ, ದಡ್ಡತನ ನಿಮ್ಮದಲ್ಲ. ಈ ಆಟಗಳಿಗೆ ಕೆಲವು ತಿಂಗಳಿಗೊಮ್ಮೆ ಹೊಸ ಪದರ ಸೇರುತ್ತದೆ. ಹಳೆಯ ಪದರವನ್ನು ಪೂರ್ತಿ ಕಿತ್ತುಹಾಕುವುದು ಅಪರೂಪ. ಹತ್ತು ವರ್ಷದ ನಂತರ ಬಂದವರು ಹತ್ತು ವರ್ಷದ ಪದರಗಳನ್ನೂ ಒಂದೇ ಸಲ ಎದುರಿಸಬೇಕು.

ಇಷ್ಟು ತೊಡಕು ಏಕೆ ಬೇಕಿತ್ತು? 1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್‌ನಲ್ಲೇ ಕತ್ತಿ ಹಿಡಿಯದೆ ಕಮ್ಮಾರನಾಗಿ, ದರ್ಜಿಯಾಗಿ ಬದುಕಬಹುದಿತ್ತು. 2003ರ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್‌ನಲ್ಲಿ ಒಂದೊಂದು ಲೋಹದ ನಿಕ್ಷೇಪಕ್ಕೂ ಬೇರೆ ಬೇರೆ ಗುಣಮಟ್ಟ. ಕೆಲವು ದಿನ ಇದ್ದು ಅದು ಮಾಯವಾಗುತ್ತಿತ್ತು. ಈ ತೊಡಕಿನ ಹಿಂದೆ ಒಂದು ಲೆಕ್ಕಾಚಾರವಿದೆ. ಸಾವಿರಾರು ಜನ ಹಗಲೂ ರಾತ್ರಿ ರಾಕ್ಷಸರನ್ನು ಕೊಲ್ಲುತ್ತಿದ್ದರೆ ಆಟದೊಳಗೆ ಸಾಮಾನು ಬಂದು ಬೀಳುತ್ತಲೇ ಇರುತ್ತದೆ. ತುಂಬಿದ ಕೆರೆಗೆ ಕೋಡಿ ಇರಬೇಕು, ಇಲ್ಲದಿದ್ದರೆ ಏರಿ ಒಡೆಯುತ್ತದೆ. ಕ್ರಾಫ್ಟಿಂಗ್ ಆ ಕೋಡಿ. ನಿಮ್ಮ ಸಾಮಾನನ್ನು ನುಂಗುವುದೇ ಅದರ ಕೆಲಸ. ಇದೊಂದು ತಲೆಯಲ್ಲಿದ್ದರೆ "ಇನ್ನೊಂದು ಸಲ ನೋಡೋಣ" ಎನ್ನುವ ಬೆರಳು ತಾನಾಗಿಯೇ ಸ್ವಲ್ಪ ತಡೆಯುತ್ತದೆ.

ತೊಡಕು ಯಾವ ಬಗೆಯದು?

ಆಟ ಯಾವುದೇ ಆಗಲಿ, ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ. ನಾನು ಕಂಡಂತೆ ಬಗೆಗಳು ಮೂರು. ಮೊದಲನೆಯದು ಸರಪಳಿ: ಹಡಗಿಗೆ ಬಿಡಿಭಾಗ, ಬಿಡಿಭಾಗಕ್ಕೆ ಲೋಹ, ಲೋಹಕ್ಕೆ ಅದಿರು ಎಂದು ಒಂದರ ಹಿಂದೆ ಒಂದು ಬೇಡಿಕೆ. ಎರಡನೆಯದು ಕವಡೆ: ಸಾಮಾನು ಕೈಯಲ್ಲಿದೆ, ಫಲ ಮಾತ್ರ ಅದೃಷ್ಟದ್ದು. ಮೂರನೆಯದು ಪಾಕ: ಸಾಮಾನೂ ಇದೆ, ಅದೃಷ್ಟದ ಪಾಲೂ ಕಡಿಮೆ, ಆದರೆ ಯಾವ ಹೊತ್ತಿಗೆ ಏನು ಮಾಡಬೇಕೆಂಬ ಕೈಚಳಕ ಬೇಕು.

ಬಹಳ ಆಟಗಳಲ್ಲಿ ಮೂರೂ ಬೆರೆತಿರುತ್ತವೆ. ಆದರೂ ಒಂದರದು ಮೇಲುಗೈಯಾಗಿರುತ್ತದೆ, ಮದ್ದು ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಸರಪಳಿಗೆ ಬೇಕಾದದ್ದು ಲೆಕ್ಕದ ಪುಸ್ತಕ, ಪಾಕಕ್ಕೆ ಅಭ್ಯಾಸ, ಕವಡೆಗೆ ಎದ್ದುಹೋಗುವ ಧೈರ್ಯ. ಕವಡೆಯ ಆಟವನ್ನು ಅಭ್ಯಾಸದಿಂದ ಗೆಲ್ಲಲು ಹೊರಟವರೇ ಹೆಚ್ಚು ಕಳೆದುಕೊಳ್ಳುವುದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಕವಡೆ: ಪಾತ್ ಆಫ್ ಎಕ್ಸೈಲ್

ನ್ಯೂಜಿಲೆಂಡಿನ ಗ್ರೈಂಡಿಂಗ್ ಗಿಯರ್ ಗೇಮ್ಸ್ 2013ರಲ್ಲಿ ಬಿಡುಗಡೆ ಮಾಡಿದ ಪಾತ್ ಆಫ್ ಎಕ್ಸೈಲ್ ಈ ಬಗೆಯ ರಾಜ. ಇಲ್ಲಿ ಆಟಗಾರರು ತಮ್ಮತಮ್ಮಲ್ಲಿ ವ್ಯಾಪಾರ ಮಾಡುವುದು ಚಿನ್ನದ ನಾಣ್ಯದಿಂದಲ್ಲ, ಆರ್ಬ್‌ಗಳೆಂಬ ಗೋಲಿಗಳಿಂದ. ಆ ಗೋಲಿಗಳೇ ಕ್ರಾಫ್ಟಿಂಗ್ ಸಾಮಗ್ರಿ ಕೂಡ. ಅಕ್ಕಿಯೇ ನೋಟು ಎಂಬ ಊರನ್ನು ಊಹಿಸಿಕೊಳ್ಳಿ: ಅಲ್ಲಿ ಒಂದು ಹೊತ್ತು ಅನ್ನ ಮಾಡಿದರೂ ಉಳಿತಾಯ ಕರಗುತ್ತದೆ. ಬೂಟಿನ ಮೇಲೆ ಒಂದು ಗೋಲಿ ತಟ್ಟುವುದೆಂದರೆ ಜೇಬಿನ ನೋಟನ್ನು ಒಲೆಗೆ ಹಾಕಿದ ಹಾಗೆ.

ವಸ್ತುಗಳ ದರ್ಜೆಯನ್ನು ಬಣ್ಣ ಹೇಳುತ್ತದೆ. ಬಿಳಿಯ ವಸ್ತು ಬರಿದು. ನೀಲಿಗೆ ಎರಡು ಗುಣಗಳವರೆಗೆ, ಹಳದಿಗೆ ಆರರವರೆಗೆ ಬರುತ್ತವೆ. ಆರರಲ್ಲಿ ಮೂರು ಪ್ರಿಫಿಕ್ಸ್, ಮೂರು ಸಫಿಕ್ಸ್. ಒಂದರ ಜಾಗಕ್ಕೆ ಇನ್ನೊಂದು ಬಾರದು. ಟ್ರಾನ್ಸ್‌ಮ್ಯುಟೇಶನ್ ಆರ್ಬ್ ಬಿಳಿಯನ್ನು ನೀಲಿ ಮಾಡುತ್ತದೆ, ಆಲ್ಟರೇಶನ್ ನೀಲಿಯ ಗುಣಗಳನ್ನು ಕಲಸಿ ಹೊಸದಾಗಿ ಹಾಕುತ್ತದೆ, ರೀಗಲ್ ನೀಲಿಯನ್ನು ಹಳದಿಗೆ ಏರಿಸುತ್ತದೆ, ಕೇಯಾಸ್ ಹಳದಿಯನ್ನು ಪೂರ್ತಿ ಕಲಸುತ್ತದೆ, ಎಕ್ಸಾಲ್ಟೆಡ್ ಹಳದಿಗೆ ಇನ್ನೊಂದು ಗುಣ ಸೇರಿಸುತ್ತದೆ. ಎಸೆನ್ಸ್, ಫಾಸಿಲ್ ಮುಂತಾಗಿ ಹನುಮಂತನ ಬಾಲದಂತೆ ಉಳಿದ ಪಟ್ಟಿ ಇದೆ. ಮೊದಲ ತಿಂಗಳು ನಿಮಗೆ ಅದರಲ್ಲಿ ಮುಕ್ಕಾಲು ಪಾಲು ಬೇಕಾಗುವುದಿಲ್ಲ.

ಗೋಲಿ ಮುಟ್ಟುವ ಮೊದಲು ಅದೃಷ್ಟದ ಲೆಕ್ಕ ನೋಡಿ. ನಿಮಗೆ ಬೇಕಾದ ಗುಣ ಬರುವ ಸಾಧ್ಯತೆ 50ರಲ್ಲಿ 1 ಎಂದಿಟ್ಟುಕೊಳ್ಳೋಣ. 50 ಸಲ ತಟ್ಟಿದರೆ ಬಂದೇ ಬರುತ್ತದೆ ಎಂದು ಮನಸ್ಸು ಹೇಳುತ್ತದೆ. ನಿಜದಲ್ಲಿ 50 ಸಲ ತಟ್ಟಿದ ನೂರು ಜನರಲ್ಲಿ ಸುಮಾರು 36 ಮಂದಿ ಬರಿಗೈಯಲ್ಲಿ ಉಳಿಯುತ್ತಾರೆ. ಹತ್ತರಲ್ಲಿ ಒಂಬತ್ತು ಪಾಲು ಖಾತ್ರಿ ಬೇಕೆಂದರೆ 114 ಸಲಕ್ಕಾಗುವಷ್ಟು ಗೋಲಿ ಇರಬೇಕು, ಎಂದರೆ ಸರಾಸರಿಯ ಎರಡೂಕಾಲು ಪಟ್ಟಿಗೂ ತುಸು ಹೆಚ್ಚು. ಅಷ್ಟಿಲ್ಲದಿದ್ದರೆ ಕೈ ಹಾಕಬೇಡಿ. ಚೌಕಾಬಾರದಲ್ಲಿ ಹತ್ತು ಸಲ ಚೌಕ ಬೀಳಲಿಲ್ಲವೆಂದು ಹನ್ನೊಂದನೆಯ ಸಲ ಕವಡೆ ಕನಿಕರಪಡುವುದಿಲ್ಲ. ಈ ಗೋಲಿಗಳೂ ಹಾಗೆಯೇ. ಕನಿಕರ ತೋರುವ ಆಟಗಳೂ ಇವೆ ಅನ್ನಿ. ಲಾಸ್ಟ್ ಆರ್ಕ್‌ನಲ್ಲಿ ಆಯುಧವನ್ನು ಮೇಲ್ದರ್ಜೆಗೇರಿಸುವ ಪ್ರಯತ್ನ ಸೋತಾಗಲೆಲ್ಲ ಒಂದು ಪಟ್ಟಿ ತುಂಬುತ್ತಾ ಹೋಗುತ್ತದೆ, 100 ಮುಟ್ಟಿದ ಮೇಲೆ ಗೆಲುವು ಖಾತ್ರಿ. ನಿಮ್ಮ ಆಟದಲ್ಲಿ ಅಂಥದ್ದು ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಇದ್ದರೆ ಕೊನೆಯ ಬೆಲೆ ಎಷ್ಟಾಗಬಹುದೆಂದು ಇವತ್ತೇ ಗೊತ್ತಾಗಿಬಿಡುತ್ತದೆ.

ಈಗ ಬೂಟಿಗೆ ಬರೋಣ.

1. ಬೇಕಾದದ್ದನ್ನು ಕಾಗದದ ಮೇಲೆ ಬರೆಯಿರಿ. ಬೂಟಿನಿಂದ ಸಾಮಾನ್ಯವಾಗಿ ಬೇಕಾಗುವುದು ಮೂರು: ಓಟದ ವೇಗ, ಲೈಫ್, ಬೆಂಕಿ-ಶೀತ-ಸಿಡಿಲುಗಳಿಂದ ರಕ್ಷಣೆ. ರಕ್ಷಣೆಯ ಮಿತಿ ತಲಾ 75 ಪ್ರತಿಶತ. ಆದರೆ ಹತ್ತು ಅಂಕಗಳ ಕಥೆ ಮುಗಿಯುವಷ್ಟರಲ್ಲಿ ಆಟ ಪ್ರತಿಯೊಂದರಿಂದಲೂ 60 ಕಿತ್ತುಕೊಂಡಿರುತ್ತದೆ. ಹಾಗಾಗಿ ನೀವು ಮೈಮೇಲಿನ ಎಲ್ಲ ವಸ್ತುಗಳಿಂದ ಕೂಡಿಸಬೇಕಾದದ್ದು 135. ಎಷ್ಟು ಕಡಿಮೆ ಬಿದ್ದಿದೆ ಎಂಬುದೇ ನಿಮ್ಮ ಬೂಟಿನ ಅಳತೆ.

2. ಐಟಂ ಲೆವೆಲ್ ನೋಡದೆ ಗೋಲಿ ತಟ್ಟಬೇಡಿ. ಬೂಟಿಗೆ 30 ಪ್ರತಿಶತ ವೇಗ ಬರಬೇಕಾದರೆ ಅದರ ಐಟಂ ಲೆವೆಲ್ 55 ಇದ್ದರೂ ಸಾಕು. 35 ಬರಲು 86 ಇರಲೇಬೇಕು. ನಾನು ಒಂದು ಭಾನುವಾರ ಮಧ್ಯಾಹ್ನ ಪೂರ್ತಿ 84ರ ಬೂಟಿನ ಮೇಲೆ ಆಲ್ಟರೇಶನ್ ಸುರಿದೆ. 35 ಬರಲಿಲ್ಲ. ಬರುವ ಹಾಗೇ ಇರಲಿಲ್ಲ, ಬಂಡೆಗೆ ನೀರೆರೆದು ಚಿಗುರಿಗಾಗಿ ಕಾದ ಹಾಗಾಯಿತು. ಆಲ್ಟ್ ಕೀ ಒತ್ತಿ ಹಿಡಿದು ವಸ್ತುವಿನ ಮೇಲೆ ಮೌಸ್ ಇಟ್ಟರೆ ಯಾವುದು ಪ್ರಿಫಿಕ್ಸ್, ಯಾವುದು ಸಫಿಕ್ಸ್, ಎಷ್ಟನೇ ದರ್ಜೆ ಎಂಬುದೆಲ್ಲ ಕಾಣುತ್ತದೆ. ಆ ಕೀ ಅಂದು ನನಗೆ ಗೊತ್ತಿರಲಿಲ್ಲ.

3. ಖಾತ್ರಿಯಾದದ್ದನ್ನು ಮೊದಲು ಕಟ್ಟಿಕೊಳ್ಳಿ. ಎಸೆನ್ಸ್ ಬಳಸಿದರೆ ಒಂದು ಗುಣ ಬಂದೇ ಬರುತ್ತದೆ, ಮಿಕ್ಕವು ಕವಡೆಯ ಇಚ್ಛೆ. ಬೂಟಿಗೆ ಎಸೆನ್ಸ್ ಆಫ್ ಗ್ರೀಡ್ ಹಾಕಿದರೆ ಲೈಫ್ ಖಾತ್ರಿ. ಮೇಲ್ದರ್ಜೆಯ ಎಸೆನ್ಸ್‌ಗಳನ್ನು ಅದೇ ಬೂಟಿನ ಮೇಲೆ ಮತ್ತೆ ಮತ್ತೆ ಬಳಸಬಹುದು. ಮೂರು ಗುಣಗಳಿಗಾಗಿ ಕವಡೆ ಎಸೆಯುವುದಕ್ಕೂ ಎರಡಕ್ಕಾಗಿ ಎಸೆಯುವುದಕ್ಕೂ ಇರುವ ದೂರ ಚಿಕ್ಕದಲ್ಲ: ಸಾಧ್ಯತೆಗಳು ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ, ಕೂಡಿಕೊಳ್ಳುವುದಿಲ್ಲ.

4. ಒಂದು ಜಾಗ ಖಾಲಿ ಬಿಡಿ. ನಿಮ್ಮ ಹೈಡ್‌ಔಟ್‌ನಲ್ಲಿರುವ ಕ್ರಾಫ್ಟಿಂಗ್ ಬೆಂಚ್‌ನಲ್ಲಿ ನಿಗದಿತ ಬೆಲೆ ಕೊಟ್ಟು, ಬೇಕಾದ ಒಂದು ಗುಣವನ್ನು ಹೆಸರು ಹೇಳಿ ಹಾಕಿಸಿಕೊಳ್ಳಬಹುದು. ಅಲ್ಲಿ ಗುಣ ಯಾವುದೆಂಬ ಜೂಜಿಲ್ಲ. ರಕ್ಷಣೆಯ ಗುಣಗಳೆಲ್ಲ ಸಫಿಕ್ಸ್. ಆದ್ದರಿಂದ ವೇಗ, ಲೈಫ್, ಒಂದು ರಕ್ಷಣೆ ಬಂದು, ಸಫಿಕ್ಸ್ ಒಂದು ಖಾಲಿ ಉಳಿದರೆ ನಿಮ್ಮ ಕೆಲಸ ಮುಗಿದಂತೆ. ಆರೂ ಜಾಗ ತುಂಬಿದ ಬೂಟಿಗಿಂತ ಐದು ತುಂಬಿ ಒಂದು ಖಾಲಿ ಇರುವ ಬೂಟು ಎಷ್ಟೋ ಸಲ ಹೆಚ್ಚು ಬಾಳುತ್ತದೆ ಎನ್ನುವುದು ಹೊಸಬರಿಗೆ ನಂಬಲು ಕಷ್ಟ.

5. ಪೇಟೆಯ ದರ ಕೇಳಿ. ಕೆಲಸಕ್ಕೆ ಕೈ ಹಾಕುವ ಮೊದಲು ಇಂಥದ್ದೇ ಬೂಟು ವ್ಯಾಪಾರದ ತಾಣದಲ್ಲಿ ಎಷ್ಟಕ್ಕೆ ಸಿಗುತ್ತದೆ ನೋಡಿ. ಮಾಡುವ ಅಂದಾಜು ಖರ್ಚಿನ ಅರ್ಧಕ್ಕೆ ಸಿಕ್ಕರೆ ಕೊಂಡು ತೊಡಿ. ಇದರಲ್ಲಿ ನಾಚಿಕೆಯೇನೂ ಇಲ್ಲ. ಮೋಚಿಯೂ ಎಲ್ಲ ಚಪ್ಪಲಿ ತಾನೇ ಹೊಲಿದುಕೊಳ್ಳುವುದಿಲ್ಲ. 2024ರ ಜುಲೈನಿಂದ ಗೋಲಿಗೆ ಗೋಲಿ ಬದಲಾಯಿಸಿಕೊಳ್ಳಲು ಆಟದೊಳಗೇ ವಿನಿಮಯ ಕಟ್ಟೆ ಬಂದಿದೆ. ಹಾಗಾಗಿ ಬೇಡದ ಗೋಲಿ ಮಾರಿ ಬೇಕಾದದ್ದು ಕೊಳ್ಳುವುದು ಈಗ ಸಲೀಸು.

ಡಿವೈನ್, ಎಕ್ಸಾಲ್ಟೆಡ್‌ನಂಥ ದುಬಾರಿ ಗೋಲಿ ಕೈಗೆ ಬಂದರೆ ಮೊದಲ ತಿಂಗಳಲ್ಲಿ ಅದನ್ನು ತಟ್ಟಲೇಬೇಡಿ. ಅದು ನಿಮ್ಮ ಪಾಲಿಗೆ ನೋಟು, ಔಷಧಿಯಲ್ಲ. ತಟ್ಟಿ ನೋಡಲೇಬೇಕೆಂಬ ಚಪಲ ತಡೆಯದಿದ್ದರೆ ಕ್ರಾಫ್ಟ್ ಆಫ್ ಎಕ್ಸೈಲ್ ಎಂಬ ಜಾಲತಾಣವಿದೆ. ಅಲ್ಲಿ ಸುಳ್ಳು ಬೂಟಿನ ಮೇಲೆ ಸುಳ್ಳು ಗೋಲಿಗಳನ್ನು ಕೈಸೋಲುವವರೆಗೆ ತಟ್ಟಿ, ಎಷ್ಟಕ್ಕೆ ಫಲ ಬಂತೆಂದು ಎಣಿಸಬಹುದು. ಮೂರು ಸಲ ಮಾಡಿ ನೋಡಿ. ಮೂರಕ್ಕೂ ಬಂದ ಲೆಕ್ಕದ ಅಂತರ ಕಂಡರೆ ಯಾವ ಗೈಡೂ ಕಲಿಸದ ಪಾಠ ಸಿಗುತ್ತದೆ.

ಪಾಕ: ಫೈನಲ್ ಫ್ಯಾಂಟಸಿ 14

2010ರಲ್ಲಿ ಬಂದು ಸೋತು, 2013ರಲ್ಲಿ ಹೊಸ ಹುಟ್ಟು ಪಡೆದ ಈ ಆಟದಲ್ಲಿ ಕಸುಬುಗಳೇ ಎಂಟು: ಬಡಗಿ, ಕಮ್ಮಾರ, ಕವಚ ಮಾಡುವವ, ಅಕ್ಕಸಾಲಿ, ಚರ್ಮಗಾರ, ನೇಕಾರ, ರಸವಾದಿ, ಅಡುಗೆಯವ. ಒಂದು ಪಾತ್ರ ಎಂಟನ್ನೂ ಕಲಿಯಬಹುದು. ವಸ್ತು ಮಾಡಲು ಕುಳಿತಾಗ ಕಣ್ಣ ಮುಂದೆ ನಾಲ್ಕು ಲೆಕ್ಕಗಳಿರುತ್ತವೆ. ಪ್ರೋಗ್ರೆಸ್ ಎಂದರೆ ಕೆಲಸ ಎಷ್ಟು ಮುಗಿಯಿತು. ಕ್ವಾಲಿಟಿ ಎಂದರೆ ಎಷ್ಟು ಚೆನ್ನಾಯಿತು. ಡ್ಯುರಬಿಲಿಟಿ ಎಂದರೆ ವಸ್ತು ಇನ್ನೆಷ್ಟು ಏಟು ತಾಳುತ್ತದೆ. ಸಿಪಿ ಎಂದರೆ ನಿಮ್ಮ ಕಸುವು ಎಷ್ಟು ಉಳಿದಿದೆ.

ಮೈಸೂರು ಪಾಕ್ ಮಾಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಪಾಕ ಒಂದೆಳೆ ಬಂದಾಗ ಹಿಟ್ಟು ಬೀಳಬೇಕು, ತುಪ್ಪ ಹೊಯ್ಯುತ್ತಾ ಕೈ ಆಡಿಸುತ್ತಲೇ ಇರಬೇಕು, ಗೂಡುಗೂಡಾಗಿ ಉಬ್ಬಿದ ಕ್ಷಣ ಇಳಿಸಬೇಕು. ಮೊದಲೇ ಇಳಿಸಿದರೆ ಹಲ್ವ, ತಡವಾದರೆ ಇಟ್ಟಿಗೆ. ಇಲ್ಲಿ ಪ್ರೋಗ್ರೆಸ್ ತುಂಬಿತೆಂದರೆ ಒಲೆ ಆರಿತು. ಕ್ವಾಲಿಟಿ ಎಷ್ಟಿದೆಯೋ ಅಷ್ಟಕ್ಕೇ ನಿಂತಿತು. ಹೊಸಬರೆಲ್ಲ ಮಾಡುವ ತಪ್ಪು ಇದೊಂದೇ: ಕೆಲಸ ಬೇಗ ಮುಗಿಸಿಬಿಡುವುದು.

ಕ್ರಮ ಹೀಗಿರಲಿ. ಒಂದು ಏಟಿನಲ್ಲಿ ಮುಗಿಯುವಷ್ಟು ಪ್ರೋಗ್ರೆಸ್ ಉಳಿಸಿಕೊಂಡು ಮಿಕ್ಕದ್ದನ್ನು ಮೊದಲು ಮಾಡಿಕೊಳ್ಳಿ. ಆಮೇಲೆ ಕ್ವಾಲಿಟಿ ಹೆಚ್ಚಿಸುವ ಟಚ್‌ಗಳು. ಪ್ರತಿ ಟಚ್‌ಗೂ ಇನ್ನರ್ ಕ್ವಯಟ್ ಎಂಬ ಲೆಕ್ಕ 10ರವರೆಗೆ ಏರುತ್ತದೆ, ಅದು ಏರಿದಷ್ಟೂ ಮುಂದಿನ ಟಚ್‌ಗೆ ಬಲ ಹೆಚ್ಚು. ಅದು ತುಂಬಿದಾಗ ಇನ್ನೊವೇಶನ್, ಗ್ರೇಟ್ ಸ್ಟ್ರೈಡ್ಸ್ ಎಂಬ ಕೌಶಲಗಳನ್ನು ಹಾಕಿ, ಬೈರಗಾಟ್ಸ್ ಬ್ಲೆಸಿಂಗ್ ಹೊಡೆಯಿರಿ. ಕೂಡಿಟ್ಟ ಬಲವೆಲ್ಲ ಅದೊಂದರಲ್ಲಿ ಖರ್ಚಾಗುತ್ತದೆ. ಕೊನೆಗೆ ಉಳಿಸಿದ್ದ ಆ ಒಂದು ಏಟು. ಸಾಮಾನ್ಯವಾಗಿ ಏಟಿಗೆ 10 ಡ್ಯುರಬಿಲಿಟಿ ಇಳಿಯುವುದರಿಂದ ಎಷ್ಟು ಏಟು ಉಳಿದಿದೆ ಎಂದು ಬೆರಳಲ್ಲೇ ಎಣಿಸಬಹುದು.

ಅಭ್ಯಾಸಕ್ಕೆ ಟ್ರಯಲ್ ಸಿಂಥೆಸಿಸ್ ಇದೆ, ಅದರಲ್ಲಿ ಸಾಮಾನು ಖರ್ಚಾಗುವುದಿಲ್ಲ. ಅಲ್ಲಿ ಕೈ ಕೂಡಿದ ಮೇಲೆ ಕ್ರಮವನ್ನು ಮ್ಯಾಕ್ರೋ ಮಾಡಿ ಬರೆದಿಡಿ. ಒಂದು ಮ್ಯಾಕ್ರೋಗೆ 15 ಸಾಲಿನ ಮಿತಿ. ಇಷ್ಟಾದ ಮೇಲೂ ತೊಡಕೆನಿಸಿದರೆ, ಗುಣಮಟ್ಟ ಮುಖ್ಯವಲ್ಲದ ಬಿಡಿಭಾಗಗಳನ್ನು ಕ್ವಿಕ್ ಸಿಂಥೆಸಿಸ್‌ನಲ್ಲಿ ರಾಶಿ ರಾಶಿ ಮಾಡಿ, ಕೊನೆಯ ವಸ್ತುವಿಗೆ ಮಾತ್ರ ಕೈಚಳಕ ತೋರಿಸಿ.

ಸರಪಳಿ: ಈವ್ ಆನ್‌ಲೈನ್

ಐಸ್‌ಲೆಂಡಿನ ಸಿಸಿಪಿ ಕಂಪನಿಯ ಈ ಆಟ 2003ರಿಂದ ನಡೆಯುತ್ತಿದೆ. ಹಾರುವ ಹಡಗು, ಹೊಡೆಯುವ ಗುಂಡು ಎಲ್ಲವೂ ಬಹುಪಾಲು ಆಟಗಾರರೇ ಮಾಡಿದವು. ಬ್ಲೂಪ್ರಿಂಟ್ ಬೇಕು, ಟ್ರೈಟೇನಿಯಂ, ಪೈರೈಟ್ ಮೊದಲಾದ ಖನಿಜ ಬೇಕು; ಬ್ಲೂಪ್ರಿಂಟನ್ನು ಸಂಶೋಧಿಸಿ ಖನಿಜದ ಖರ್ಚನ್ನು 10 ಪ್ರತಿಶತದವರೆಗೆ ಇಳಿಸಬಹುದು. ಇದನ್ನು ಆಡುವವರು ಲೆಕ್ಕದ ಶೀಟು ಬಿಟ್ಟು ಏಳುವುದಿಲ್ಲವೆಂಬ ತಮಾಷೆ ಹಳೆಯದು. 2022ರಲ್ಲಿ ಕಂಪನಿ ಆಟವನ್ನು ಎಕ್ಸೆಲ್‌ಗೆ ಜೋಡಿಸುವುದಾಗಿ ಘೋಷಿಸಿ ತಮಾಷೆಯನ್ನು ನಿಜ ಮಾಡಿತು.

ಇಲ್ಲಿ ಅದೃಷ್ಟಕ್ಕಿಂತ ಕಾಡುವುದು ಒಂದು ಭ್ರಮೆ: "ನಾನೇ ಅಗೆದ ಅದಿರು, ಬಿಟ್ಟಿ." ನಮ್ಮ ತೋಟದ ಕಾಯಿಗೂ ಹೀಗೇ ಅನ್ನುತ್ತೇವಲ್ಲ. ನೂರು ಕಾಯಿಯನ್ನು ಹಾಗೆಯೇ ಮಾರಿದರೆ 3,000 ರೂಪಾಯಿ, ಎಣ್ಣೆ ಮಾಡಿಸಿ ಮಾರಿದರೆ ಗಾಣದ ಕೂಲಿ ಕಳೆದು 2,700 ಎಂದಿಟ್ಟುಕೊಳ್ಳಿ. ಕೈಗೆ ಬಂದ 2,700 ಲಾಭದಂತೆ ಕಾಣುತ್ತದೆ, ಕಳೆದುಕೊಂಡ 300 ಎಲ್ಲೂ ಕಾಣುವುದಿಲ್ಲ. ಈವ್‌ನಲ್ಲಿ ಹೀಗೆ ನಷ್ಟದಲ್ಲಿ ಹಡಗು ಕಟ್ಟಿ ಮಾರಿ ಹಿಗ್ಗುವವರಿಗೆ ಬರವಿಲ್ಲ.

ಆದ್ದರಿಂದ ಸರಪಳಿಯ ಪ್ರತಿ ಕೊಂಡಿಯಲ್ಲೂ ನಿಂತು ಎರಡು ದರ ಬರೆಯಿರಿ. ಇದನ್ನು ಜಿಟಾದಂಥ ದೊಡ್ಡ ಸಂತೆಯಲ್ಲಿ ಕೊಂಡರೆ ಎಷ್ಟು, ನಾನು ಮಾಡಿದರೆ ಎಷ್ಟು? ಮಾಡುವ ಲೆಕ್ಕದಲ್ಲಿ ಅದಿರಿಗೆ ಸಂತೆಯ ದರವನ್ನೇ ಹಾಕಿ, ತೆರಿಗೆ ಮರೆಯಬೇಡಿ. ಲಾಭವಿರುವ ಕೊಂಡಿ ಸಾಮಾನ್ಯವಾಗಿ ಒಂದೋ ಎರಡೋ. ಅವನ್ನು ಮಾತ್ರ ಮಾಡಿ, ಉಳಿದದ್ದನ್ನು ಕೊಳ್ಳಿ. ಸೊನ್ನೆಯಿಂದ ಕೊನೆಯವರೆಗೆ ನಾನೇ ಮಾಡುತ್ತೇನೆಂಬ ಹಟ ನೋಡಲು ಚಂದ, ಜೇಬಿಗೆ ಭಾರ.

ಎಲ್ಲೆಡೆ ಕಾಣುವ ತಪ್ಪುಗಳು

ಹಳೇ ಗೈಡನ್ನು ನಂಬುವುದು. 2024ರ ಡಿಸೆಂಬರ್‌ನಲ್ಲಿ ಪಾತ್ ಆಫ್ ಎಕ್ಸೈಲ್ 2 ಆಡಲು ಸಿಕ್ಕಾಗ ಕೇಯಾಸ್ ಆರ್ಬ್ ಎಂಬ ಹೆಸರು ಅದೇ ಇತ್ತು, ಕೆಲಸ ಬೇರೆಯಾಗಿತ್ತು: ಅಲ್ಲಿ ಅದು ಒಂದು ಗುಣ ತೆಗೆದು ಒಂದನ್ನು ಹಾಕುತ್ತದೆ, ಪೂರ್ತಿ ಕಲಸುವುದಿಲ್ಲ. ವಿಡಿಯೋ ಯಾವ ತಿಂಗಳಿನದು, ಯಾವ ಆವೃತ್ತಿಯದು ಎಂದು ಮೊದಲು ನೋಡಿ.

ಕೊನೆಯ ದರ್ಜೆಗೆ ಹಟ ಹಿಡಿಯುವುದು. 30ರ ವೇಗ ಕೈಯಲ್ಲಿದ್ದಾಗ 35ಕ್ಕಾಗಿ ಬೂಟನ್ನು ಮತ್ತೆ ಕಲಸಿದವರ ಕಥೆ ಸಾಮಾನ್ಯವಾಗಿ 30ನ್ನೂ ಕಳೆದುಕೊಳ್ಳುವುದರಲ್ಲಿ ಮುಗಿಯುತ್ತದೆ. ಕಾಗದದ ಮೇಲೆ ಬರೆದದ್ದು ಬಂತೆಂದರೆ ತೊಟ್ಟು ಹೊರಡಿ.

ಮಿತಿ ಹಾಕದೆ ಕೂರುವುದು. ಇವತ್ತು ಸುರಿಯುವ ಗೋಲಿಗಳನ್ನು ಎಣಿಸಿ ಬೇರೆ ಖಾನೆಗೆ ಹಾಕಿ. ಅದು ಬರಿದಾದರೆ ಕಿಟಕಿ ಮುಚ್ಚಿ. ಸೋತ ಸಿಟ್ಟಿನಲ್ಲಿ ಮುಖ್ಯ ಖಾನೆಗೆ ಕೈ ಹಾಕುವ ರಾತ್ರಿಯೇ ಪೆಟ್ಟಿಗೆ ಬರಿದಾಗುವುದು. ಅನುಭವದ ಮಾತು.

ಇನ್ನೊಂದು ಎಚ್ಚರಿಕೆ ಆಟದ ಹೊರಗಿನದು. ಯುಪಿಐನಲ್ಲಿ ಹಣ ಹಾಕಿದರೆ ಗೋಲಿ ಕೊಡುತ್ತೇವೆ, ಚಿನ್ನ ಕೊಡುತ್ತೇವೆ ಎನ್ನುವವರು ಚಾಟ್‌ನಲ್ಲಿ ಸಿಗುತ್ತಾರೆ. ಹಾಗೆ ಕೊಳ್ಳುವುದು ಇಲ್ಲಿ ವಿವರಿಸಿದ ಮೂರೂ ಆಟಗಳ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಖಾತೆಯನ್ನೇ ಮುಚ್ಚಲೂಬಹುದು. ಮನೆಯ ಮಕ್ಕಳು ಇಂಥ ಆಟ ಆಡುತ್ತಿದ್ದರೆ ಈ ಒಂದು ಮಾತನ್ನಾದರೂ ಅವರ ಕಿವಿಗೆ ಹಾಕಿ. ಒಟಿಪಿ ಕೇಳಿದವರಿಗೆ ಕೊಡಬಾರದೆನ್ನುವುದು ಅವರಿಗೆ ಗೊತ್ತಿರುತ್ತದೆ, ಗೋಲಿಯ ಆಸೆಗೆ ಮರೆತಿರುತ್ತಾರೆ.

ಎಲ್ಲಿಂದ ಕಲಿಯಲಿ ಎಂದು ಕೇಳಿದರೆ ನನ್ನ ಉತ್ತರ ಫೈನಲ್ ಫ್ಯಾಂಟಸಿ 14. ಅದರ ಉಚಿತ ಆವೃತ್ತಿಯಲ್ಲಿ 70ನೇ ಲೆವೆಲ್‌ವರೆಗೆ ಆಡಬಹುದು. ಆದರೆ ಉಚಿತ ಖಾತೆಯವರು ಅಲ್ಲಿಯ ಮಾರುಕಟ್ಟೆ ಬಳಸುವಂತಿಲ್ಲ, ಹಾಗಾಗಿ ಬೇಕಾದದ್ದರಲ್ಲಿ ಬಹಳಷ್ಟನ್ನು ಮಾಡಿಯೇ ತೊಡಬೇಕು. ಕೈ ತಾನಾಗಿ ಪಳಗುತ್ತದೆ. ಪಾತ್ ಆಫ್ ಎಕ್ಸೈಲ್ ಆಮೇಲೆ. ಈವ್, ಮನೆಯ ತಿಂಗಳ ಲೆಕ್ಕ ಬರೆಯುವ ಅಭ್ಯಾಸವಿದ್ದವರಿಗೆ ಮಾತ್ರ. ಇವತ್ತು ರಾತ್ರಿ ಆಟ ತೆರೆದಾಗ ಮೊದಲು ಪೆಟ್ಟಿಗೆಗೆ ಹೋಗಿ, ಒಂದು ತಿಂಗಳಿಂದ ಮುಟ್ಟದ ಸಾಮಾನನ್ನೆಲ್ಲ ಮಾರಿ, ಬಂದ ಹಣದಲ್ಲಿ ಆ ಹಳೇ ಬೂಟು ಬದಲಾಯಿಸಿ.